ನಮ್ಮದಲ್ಲದ ಬಶಿ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ನಮ್ಮದಲ್ಲದ ಒಂದು ಬಶಿ ಇದೆ. ಘಟ್ಟದ ಮೇಲಿನವರು ತಟ್ಟೆ ಎನ್ನುವುದನ್ನು ನಾವು ಕರಾವಳಿಯವರು ಬಶಿ ಎನ್ನುತ್ತೇವೆ, ಅದರಲ್ಲೂ ಪಿಂಗಾಣಿಯದಾದರೆ. ಬಿಳಿ ಮೈ, ಅಂಚಿನ ಸುತ್ತ ನೀಲಿ ಹೂಬಳ್ಳಿ. ಬಳ್ಳಿ ಒಂದು ಕಡೆ ತೊಳೆದು ತೊಳೆದು ಮಾಸಿಹೋಗಿದೆ. ಹೊನ್ನಾವರದ ಓಣಿಯ ಮನೆ ಬಿಟ್ಟು ಕುಮಟೆಯ ಹೊಳನಗದ್ದೆಗೆ ಬಂದಾಗ ಅರ್ಧ ಸಾಮಾನನ್ನು ಅವರಿವರಿಗೆ ಕೊಟ್ಟೆವು, ಇನ್ನರ್ಧ ಟೆಂಪೋದಲ್ಲಿ ಕುಲುಕಿ ಒಡೆಯಿತು. ಈ ಬಶಿ ಮಾತ್ರ ಹಳೇ ಸೀರೆಯಲ್ಲಿ ಸುತ್ತಿಕೊಂಡು ಆಯಿಯ, ಎಂದರೆ ನನ್ನ ತಾಯಿಯ, ತೊಡೆಯ ಮೇಲೆ ಕೂತು ಬಂತು.

ತಂದವಳು ಬಳಸಿದಳೇ ಎಂದರೆ ಅದೂ ಇಲ್ಲ. ಒಮ್ಮೆ ನೆಂಟರು ಬಂದಾಗ ಕೈಗೆ ಸಿಕ್ಕಿತೆಂದು ನಾನು ಅದರಲ್ಲಿ ಅವಲಕ್ಕಿ ಹಾಕಿ ಕೊಟ್ಟೆ. ಆಯಿ ಎಲ್ಲಿದ್ದಳೋ, ಬಂದು ನೆಂಟರ ಮುಂದಿನಿಂದಲೇ ಬಶಿ ಎತ್ತಿ, ಅವಲಕ್ಕಿಯನ್ನು ಸ್ಟೀಲಿನ ತಟ್ಟೆಗೆ ಸುರಿದು ಕೊಟ್ಟಳು. ಪಾಪ, ಆ ಮನುಷ್ಯ ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ ಚಮಚ ಗಾಳಿಯಲ್ಲಿ ಹಿಡಿದುಕೊಂಡೇ ಕೂತಿದ್ದರು. "ಅದು ನಮ್ದಲ್ಲ" ಎಂದಳು ಆಯಿ ಆಮೇಲೆ, ನಾನು ಕೇಳಿದ್ದಕ್ಕೆ. ಯಾರದೆಂದು ನನಗೆ ಗೊತ್ತೇ ಇತ್ತು. ಯಾಕೆ ಇನ್ನೂ ನಮ್ಮಲ್ಲಿದೆ ಎನ್ನುವುದು ಗೊತ್ತಿರಲಿಲ್ಲ.

ನಾನು ಕಲಿಸುವುದು ಭೌತಶಾಸ್ತ್ರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವ ನನ್ನ ಜಂಬಕ್ಕೆಲ್ಲ ಅದೇ ಕಾರಣ. "ಸಮಾಜ ವಿಜ್ಞಾನ ಅಂತೀರಲ್ಲ, ಇದರಲ್ಲಿ ವಿಜ್ಞಾನ ಯಾವ ಬಾಗಿಲಿಂದ ಒಳಗೆ ಬಂತು?" ಎಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಕೇಳುವುದು, ಇತಿಹಾಸದ ಸಹೋದ್ಯೋಗಿ ಚಹಾದ ಕಪ್ಪನ್ನು ಟೇಬಲ್ಲಿನ ಮೇಲೆ ಸದ್ದುಮಾಡಿ ಇಡುವುದು, ಇವೆರಡೂ ನಮ್ಮಲ್ಲಿ ನಿತ್ಯದ ಕಾರ್ಯಕ್ರಮ. ಮನುಷ್ಯರ ಬಗ್ಗೆ ಏನು ಸಂಶೋಧನೆ ಮಾಡುವುದು? ನಾವೇ ಮನುಷ್ಯರಲ್ಲವೇ? ನಮಗೆ ಗೊತ್ತಿಲ್ಲದ್ದು ಏನಿದೆ?

ಹೀಗಿರುವಾಗ ನನ್ನ ಅತ್ಯುತ್ತಮ ವಿದ್ಯಾರ್ಥಿನಿಯೇ ಆ ಪಾಳಯಕ್ಕೆ ಹೋಗಿ ಸೇರಿದಳು. ಸಮೀನಾ ಭಟ್ಕಳದ ಹುಡುಗಿ, ತೆಂಗಿನಗುಂಡಿಗೆ ಹೋಗುವ ರಸ್ತೆಯಲ್ಲಿ ಅವರ ಮನೆ. ಪಿಯುಸಿಗೆ ಕುಮಟೆಯಲ್ಲಿ ನೆಂಟರ ಮನೆಯಲ್ಲಿದ್ದುಕೊಂಡು ನನ್ನ ಕೈಯಲ್ಲಿ ಕಲಿತವಳು. ಲೋಲಕದ ಪ್ರಯೋಗವನ್ನು ಅಷ್ಟು ಶ್ರದ್ಧೆಯಿಂದ ಮಾಡಿದವರನ್ನು ನಾನು ಕಂಡಿಲ್ಲ. ಉಳಿದವರೆಲ್ಲ ಹಿಂದಿನ ವರ್ಷದವರ ಉತ್ತರವನ್ನು ನಕಲು ಮಾಡುತ್ತಿದ್ದಾಗ ಇವಳು ಫ್ಯಾನು ಬಂದ್ ಮಾಡಿಸಿ, ಬೆವರು ಸುರಿಸುತ್ತ ಗುಂಡು ತೂಗುವುದನ್ನು ನೋಡುತ್ತ ನಿಲ್ಲುತ್ತಿದ್ದಳು. ಅವಳು ಸಮಾಜಶಾಸ್ತ್ರ ತೆಗೆದುಕೊಂಡಳು ಎಂಬ ಸುದ್ದಿ ಬಂದ ದಿನ ನಾನು ಮನೆಯ ಮಗಳೇ ಓಡಿಹೋದಂತೆ ಮುಖ ಮಾಡಿಕೊಂಡಿದ್ದೆನೆಂದು ನನ್ನ ಗಂಡ ಈಗಲೂ ಛೇಡಿಸುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ಅವಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಭಟ್ಕಳ ಮಲ್ಲಿಗೆ, ಹೆಗಲಲ್ಲಿ ಚೀಲ. ಪಿಎಚ್‌ಡಿ ಮಾಡುತ್ತಿದ್ದಾಳಂತೆ. ಮುರ್ಡೇಶ್ವರದಿಂದ ಕುಮಟೆಯವರೆಗೆ ಮನೆ ಮನೆ ತಿರುಗಿ, ಅಕ್ಕಪಕ್ಕದ ಮನೆಗಳ ನಡುವೆ ತಿಂಡಿ, ಸೊಪ್ಪು, ಮೊಸರಿನ ಹೆಪ್ಪು, ಪಾತ್ರೆ ಪಗಡೆ ಹೇಗೆ ಓಡಾಡುತ್ತವೆ ಎಂದು ಕೇಳುತ್ತಿದ್ದಾಳಂತೆ.

"ಅದ್ರಲ್ಲಿ ಕಂಡುಹಿಡಿಯೂದು ಎಂತದೆ?" ಎಂದೆ. "ಪಕ್ಕದ ಮನೆಯವ್ರು ಕೊಡ್ತಾರೆ, ನಾವು ತಿಂತೇವೆ. ಮುಗೀತಲ್ಲ."

ಅವಳು ನಕ್ಕಳು. "ತೆಂಗಿನಕಾಯಿ ಕೆಳಗೆ ಬೀಳ್ತದೆ ಅಂತ ಎಲ್ಲರಿಗೂ ಗೊತ್ತು ಮೇಡಂ. ಆದ್ರೂ ನೀವು ಒಂದು ವರ್ಷ ನಮಗೆ ಅದನ್ನೇ ಕಲಿಸಿದ್ರಲ್ಲ!"

ಗಂಡ ಒಳಗಿನಿಂದ ಜೋರಾಗಿ ನಕ್ಕಿದ್ದು ಕೇಳಿಸಿತು. ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋದೆ.

ಅವಳು ಹೇಳುತ್ತಿದ್ದ ಸಂಗತಿಗಳಾದರೂ ಎಂಥವು! ದೀಪ ಹಚ್ಚಿದ ಮೇಲೆ ಉಪ್ಪು ಕೇಳಲು ಹೋಗುವವರು ಉಪ್ಪಿನ ಹೆಸರೆತ್ತದೆ ಹೇಗೆ ಕೇಳುತ್ತಾರೆ ಎಂಬುದು. ಹೆಪ್ಪು ಕೇಳಿಕೊಂಡು ಬಂದವರು ಹೆಪ್ಪಿಗಿಂತ ಹೆಚ್ಚು ಸುದ್ದಿ ಕೊಂಡುಹೋಗುತ್ತಾರೆ ಎಂಬುದು. ಆಮೇಲೆ ಇನ್ನೊಂದು: ನಮ್ಮ ಕಡೆಯ ಜನ ಒಬ್ಬರ ಮನೆಗೆ ಹೋದರೆ ಚಾವಡಿಯಲ್ಲಿ ಕೂತು ಹವೆ, ಮೀನು, ಮೊಣಕಾಲು ನೋವು ಎಲ್ಲ ಮಾತಾಡಿ, "ಬರ್ತೇವೆ" ಎಂದು ಎದ್ದು, ಮೆಟ್ಟಿಲಲ್ಲಿ ಇನ್ನೊಮ್ಮೆ "ಬರ್ತೇವೆ" ಎಂದು, ಹೋಗಿ ಗೇಟಿನ ಹತ್ತಿರ ನಿಂತುಬಿಡುತ್ತಾರೆ. ಬಂದ ಕೆಲಸದ ಮಾತು ಹೊರಗೆ ಬೀಳುವುದು ಅಲ್ಲಿ.

ಇದನ್ನು ನಾನು ಒಪ್ಪಲಿಲ್ಲ. ಪರೀಕ್ಷಿಸದೆ ಒಪ್ಪುವುದು ನನ್ನ ಜಾಯಮಾನವಲ್ಲ. ಮರುದಿನ ಪಕ್ಕದ ಮನೆಯ ನಾಗವೇಣಿ ಬಂದು, ಕೂತು, ಸೆಖೆಯ ಬಗ್ಗೆ ಮಾತಾಡಿ ಎದ್ದಳು. ನಾನು ಬೇಕೆಂದೇ ಗೇಟಿನವರೆಗೆ ಹೋದೆ. ಅವಳು ಗೇಟಿನ ಸರಳು ಹಿಡಿದುಕೊಂಡು, "ಅಂದ ಹಾಗೆ..." ಎಂದು ಮಗಳ ಮದುವೆಯ ಮಾತು ತೆಗೆದಳು. ಕಾಲು ಸೋಲುವವರೆಗೆ ಅಲ್ಲೇ ನಿಂತೆವು. ಒಳಗೆ ಬರುವಾಗ ನನಗೆ ನಾನೇ ಹೇಳಿಕೊಂಡೆ, ಒಂದು ಉದಾಹರಣೆಯಿಂದ ನಿಯಮ ಸಿದ್ಧವಾಗುವುದಿಲ್ಲ. ಸಂಜೆ ನಾನು ಎದುರುಮನೆಗೆ ಕೇಳುವುದೇನೋ ಇತ್ತೆಂದು ಹೋದವಳು ಅದನ್ನು ಕೇಳಿದ್ದು ಎಲ್ಲಿ ಎಂದುಕೊಂಡಿರಿ? ಅವರ ಗೇಟಿನ ಹತ್ತಿರ.

ಈಗ ಬಶಿಗೆ ಬರುತ್ತೇನೆ. ಅವತ್ತು ಸಮೀನಾ ಬಂದದ್ದು ನನ್ನ ಹತ್ತಿರ ವಾದಕ್ಕಲ್ಲ, ಆಯಿಯನ್ನು ಮಾತಾಡಿಸಲಿಕ್ಕೆ. ಆಯಿಗೆ ಎಂಬತ್ತು ದಾಟಿದೆ. ಕೇಳುವವರಿದ್ದರೆ ಹೇಳಲು ಅವಳಿಗೆ ಬೇಕಾದಷ್ಟಿದೆ, ಮನೆಯಲ್ಲಿ ಕೇಳುವವರಿಗೆ ಬರ ಅಷ್ಟೇ. ಮೊದಲು ಸಮೀನಾ ಅನುಮತಿ ಕೇಳಿದಳು. ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಬರೆಯುವಾಗ ಹೆಸರು ಬದಲಿಸುತ್ತೇನೆ ಎಂದಳು.

ಆಯಿಗೆ ಸಿಟ್ಟೇ ಬಂತು. "ಹೆಸ್ರು ಯಾಕೆ ತೆಗೀತೆ? ನಾ ಎಂತ ಕದ್ದಿದ್ನಾ?"

"ಎಲ್ಲರದ್ದೂ ಬದಲಿಸ್ತೇನೆ ಅಜ್ಜಿ. ಒಬ್ಬರ ಮನೆಯಲ್ಲಿ ಕೇಳಿದ್ದು ಯಾರ ಮನೆಯದು ಅಂತ ಇನ್ನೊಬ್ಬರಿಗೆ ಗೊತ್ತಾಗಬಾರ್ದು. ಅದು ನಮ್ಮ ನಿಯಮ."

"ಹಾಂಗಾದ್ರೆ ಒಂದು ಚಂದದ ಹೆಸ್ರು ಹಾಕು" ಎಂದು ಆಯಿ ಒಪ್ಪಿಕೊಂಡಳು. ನಾನೂ ಈ ಬರಹದಲ್ಲಿ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ಆಯಿಗೆ ಸಾವಿತ್ರಿ ಎಂದಿಟ್ಟಿದ್ದೇನೆ, ಅದು ಚಂದವೋ ಅಲ್ಲವೋ ಅವಳೇ ಓದಿ ಹೇಳಬೇಕು.

ಪ್ರಶ್ನೆಗಳು ಸಾಲಾಗಿ ಬಂದವು, ಉತ್ತರಗಳು ಸಾಲು ತಪ್ಪಿ ಬಂದವು. ಹಾಗೇ ಮಾತಿನ ನಡುವೆ ಸಮೀನಾ ಎಲ್ಲ ಮನೆಯಲ್ಲೂ ಕೇಳುವ ಒಂದು ಪ್ರಶ್ನೆ ಕೇಳಿದಳು. "ಅಜ್ಜಿ, ಈಗ ನಿಮ್ಮನೆಯಲ್ಲಿ ಬೇರೆಯವರ ಮನೆ ಪಾತ್ರೆ ಎಂತಾದ್ರೂ ಉಂಟಾ?"

ಆಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು. ಆಮೇಲೆ ಎದ್ದುಹೋಗಿ ಆ ಬಶಿಯನ್ನು ತಂದು ಹುಡುಗಿಯ ಮುಂದಿಟ್ಟಳು. ತಪ್ಪು ಮಾಡಿ ಸಿಕ್ಕಿಬಿದ್ದವರ ಮುಖ ಅವಳದು.

ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆ ಕಾರ್ಮಿನ್ ಬಾಯಿಯದು. ಎರಡು ಹಿತ್ತಿಲುಗಳ ನಡುವೆ ಬಿದಿರಿನ ಗಳು ಸರಿಸುವ ಒಂದು ದಣಪೆ, ಚಿಕ್ಕಂದಿನಲ್ಲಿ ಅದನ್ನು ಮುಚ್ಚಿದ್ದು ನಾನು ಕಂಡಿಲ್ಲ. ಅವರು ಮನೆಯಲ್ಲಿ ಕೊಂಕಣಿ, ನಾವು ಕನ್ನಡ, ದಣಪೆಯ ಹತ್ತಿರ ಎರಡೂ. ಕ್ರಿಸ್‌ಮಸ್ ಬಂದರೆ ಕ್ರೋಶಾ ಹೆಣಿಗೆಯ ಬಟ್ಟೆ ಮುಚ್ಚಿದ ಈ ಬಶಿ ದಣಪೆ ದಾಟಿ ನಮ್ಮ ಮನೆಗೆ ಬರುತ್ತಿತ್ತು. ಅದರ ತುಂಬ ಕುಸ್ವಾರ್, ಎಂದರೆ ಹಬ್ಬಕ್ಕೆಂದೇ ಮಾಡುವ ಬಗೆಬಗೆಯ ತಿಂಡಿ: ಎಳ್ಳು ಬೆಲ್ಲ ತುಂಬಿದ ನೆವ್ರಿ, ಸಕ್ಕರೆ ಪಾಕ ಮೆತ್ತಿದ ಕಿಡಿಯೊ, ಗುಲಾಬಿ ಹೂವಿನಂಥ ಕೊಕ್ಕೀಸು. ಕೊಕ್ಕೀಸಿನ ಒಂದೊಂದೇ ಎಸಳನ್ನು ಮುರಿದು ತಿನ್ನುವುದರಲ್ಲಿ ನಾನು ಪ್ರವೀಣೆ. ಅಣ್ಣ ತನ್ನ ಪಾಲನ್ನು ಒಂದೇ ಏಟಿಗೆ ಮುಗಿಸಿ ನನ್ನ ಕೊನೆಯ ಎಸಳಿನವರೆಗೂ ಎದುರು ಕೂತು ನೋಡುತ್ತಿದ್ದ. ಆ ಕೊನೆಯ ಎಸಳು ಕೊಟ್ಟಿದ್ದೇನೆಯೇ? ನೆನಪಿಲ್ಲ. ಕೊಟ್ಟಿರಲಿಕ್ಕಿಲ್ಲ.

ಬಶಿ ವಾಪಸು ಹೋಗುವಾಗ ಖಾಲಿ ಹೋಗುವಂತಿರಲಿಲ್ಲ. ಆಯಿ ಅದರಲ್ಲಿ ಚಕ್ಕುಲಿಯನ್ನೋ, ಏನೂ ಇಲ್ಲದಿದ್ದರೆ ಒಂದು ಅಚ್ಚು ಬೆಲ್ಲವನ್ನೋ, ಒಂದು ಮೊಳ ಅಬ್ಬಲಿಗೆ ಹೂವಿನ ದಂಡೆಯನ್ನೋ ಇಡುತ್ತಿದ್ದಳು. ಖಾಲಿ ಬಶಿ ಕೊಡುವುದೆಂದರೆ ಅವಳ ಮಟ್ಟಿಗೆ ಬೆನ್ನು ತಿರುಗಿಸಿದಂತೆ.

ನಾನು ದೂರದಲ್ಲಿ ಓದುತ್ತಿದ್ದ ವರ್ಷ, ಕ್ರಿಸ್‌ಮಸ್ಸಿನ ಬಶಿ ಬಂದು ಇನ್ನೂ ಮನೆಯಲ್ಲಿರುವಾಗಲೇ ನಮ್ಮ ಅಪ್ಪ ತೀರಿಕೊಂಡರು. ಶಾಲಾ ಮಾಸ್ತರರಾಗಿದ್ದರು, ಇಡೀ ಓಣಿ ಬಂದು ನಿಂತಿತ್ತು. ಸೂತಕದ ಮನೆಯಿಂದ ತಿನ್ನುವ ವಸ್ತು ಹೊರಗೆ ಕೊಡುವಂತಿಲ್ಲ, ಬಶಿ ಉಳಿಯಿತು. ಸೂತಕ ಕಳೆಯಿತು. ಆದರೆ ವರ್ಷದ ಕಾರ್ಯ ಆಗುವವರೆಗೆ ಹಬ್ಬವಿಲ್ಲ, ಎಣ್ಣೆಗೆ ಬಾಣಲೆ ಇಡುವುದಿಲ್ಲ, ಬಶಿ ಉಳಿಯಿತು. ಮುಂದಿನ ಕ್ರಿಸ್‌ಮಸ್ಸಿಗೆ ಅತ್ತ ಕಡೆಯಿಂದ ಏನೂ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ.

"ನಾ ತಿಳ್ಕಂಡೆ" ಎಂದಳು ಆಯಿ, ಸಮೀನಾಳಿಗಲ್ಲ, ಬಶಿಗೆ ಹೇಳುವಂತೆ. "ಮಾಸ್ತರ್ರು ಇರೂತನಕ ಮಾತ್ರ ನಮ್ಮನೆಗೆ ಬೆಲೆ. ಗಂಡ ಸತ್ತವಳ ಮನೆಗೆ ಹಬ್ಬದ್ದು ಯಾರು ಕಳಿಸ್ತಾರೆ? ನಾ ಎಂತಾದ್ರೂ ಮಾಡಿ ಹಾಕ್ಕೊಟ್ರೂ ಹಬ್ಬದ ದಿನ ನನ್ನ ಕೈದು ಅವ್ಳು ತಕಂತಾಳಾ ಅಂತ ಹೆದ್ರಿಕೆ. ಖಾಲಿ ಕೊಡೂಕಂತೂ ಆಗೂದಿಲ್ಲ. ಹಾಂಗೇ ಉಳೀತು."

ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಕಂಡರೆ ಆರಾಮಾ ಎಂದರೆ ಆರಾಮು. ದಣಪೆಯ ಗಳುಗಳನ್ನು ಮಾತ್ರ ಯಾರೋ ಯಾವಾಗಲೋ ಹಾಕಿ ಮುಚ್ಚಿದ್ದರು. ಆಮೇಲೆ ನಾವು ಕುಮಟೆಗೆ ಬಂದೆವು. ಇಷ್ಟೆಲ್ಲ ವರ್ಷ ನನ್ನ ತಾಯಿ ಇದನ್ನು ಒಳಗೇ ಇಟ್ಟುಕೊಂಡು, ತಾನು ಬೇಡವಾದೆ ಎಂದುಕೊಂಡೇ ಬದುಕಿದ್ದಳು. ಇದೇ ಮನೆಯಲ್ಲಿದ್ದ ನನಗೆ ಗೊತ್ತಾಗಿರಲಿಲ್ಲ. ಭಟ್ಕಳದ ಹುಡುಗಿಯೊಬ್ಬಳು ಪಾತ್ರೆಯ ಬಗ್ಗೆ ಕೇಳಬೇಕಾಯಿತು.

ಆಯಿ ತಲೆ ಎತ್ತಿದಳು. "ನೀ ಹೊನ್ನಾವರದ ಆ ಓಣಿಗೂ ಹೋಗಿರ್ಬೇಕಲ್ಲ? ಅವ್ಳು ಇದ್ದಾಳಾ? ಎಂತ ಹೇಳಿದ್ಳು?"

ಸಮೀನಾಳ ಮುಖ ಬಾಡಿತು. "ಯಾರ ಮನೆಗೆ ಹೋಗಿದ್ದೆ, ಹೋಗಲಿಲ್ಲ ಅಂತ ಹೇಳೂ ಹಾಗಿಲ್ಲ ಅಜ್ಜಿ."

ನನಗೆ ರೇಗಿತು. ಇದೆಂಥ ಶಾಸ್ತ್ರ? ಮುದುಕಿ ಬಾಯಿಬಿಟ್ಟು ಕೇಳುತ್ತಿದ್ದಾಳೆ, ಇವಳು ನಿಯಮ ಹಿಡಿದುಕೊಂಡು ಕೂತಿದ್ದಾಳೆ! ಹೇಳಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಅವಳು, ಹಿಂದೆ ಲೋಲಕದ ಮುಂದೆ ನಿಲ್ಲುತ್ತಿದ್ದಳಲ್ಲ, ಅದೇ ಗಾಂಭೀರ್ಯದಲ್ಲಿ, ಒಂದೊಂದೇ ಮಾತನ್ನು ನೋಡಿ ನೋಡಿ ಇಡುತ್ತ ಹೇಳಿದಳು:

"ಯಾರದ್ದೂ ಅಂತಲ್ಲ, ಬಹಳ ಮನೆಗಳಲ್ಲಿ ಕೇಳಿದ್ದು ಹೇಳ್ತೇನೆ. ನಿಮ್ಮ ಹಾಂಗೆ ಸುಮಾರು ಮನೆಯವರು ಪಾತ್ರೆ ಖಾಲಿ ವಾಪಸ್ ಕೊಡೂದಿಲ್ಲ. ಕ್ರಿಶ್ಚಿಯನ್ ಮನೆಗಳಲ್ಲಿ ಸುಮಾರು ಕಡೆ ಇನ್ನೊಂದು ಕ್ರಮ ಕಂಡೆ. ಕಳಿಸಿದ ಬಶಿ ತಿರುಗಿ ಬರೂತನಕ ಇನ್ನೊಂದು ಕಳಿಸೂದಿಲ್ಲ. ಕಳಿಸಿದ್ರೆ, ನಮ್ಮ ಬಶಿ ಎಲ್ಲಿ ಅಂತ ಕೇಳಿದ ಹಾಂಗೆ ಆಗ್ತದಂತೆ. ಅದ್ರಲ್ಲೂ ಕಷ್ಟದಲ್ಲಿದ್ದ ಮನೆಗೆ ಹಾಂಗೆ ಮಾಡೂದು ಮರ್ಯಾದೆ ಅಲ್ಲ ಅಂತಾರೆ. ಸುಮ್ಮನೆ ಕಾಯ್ತಾರೆ."

ಇತ್ತ ತುಂಬಿಸಲು ಆಗದೆ ಬಶಿ ಕೊಡಲಿಲ್ಲ. ಅತ್ತ ಬಶಿ ಬಾರದೆ ತುಂಬಿಸಿ ಕಳಿಸಲಿಲ್ಲ. ಇಬ್ಬರೂ ತಮ್ಮ ತಮ್ಮ ಮನೆಯ ಮರ್ಯಾದೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಎರಡು ಮರ್ಯಾದೆಗಳ ನಡುವೆ ಒಂದು ಸ್ನೇಹ ನಿಂತಲ್ಲೇ ನಿಂತುಬಿಟ್ಟಿತ್ತು. ಒಬ್ಬರ ಗುಟ್ಟನ್ನೂ ಬಿಡದೆ ಆ ಹುಡುಗಿ ಅದರ ಗಂಟನ್ನು ಬಿಡಿಸಿ ಇಟ್ಟಿದ್ದಳು. ಒಬ್ಬರ ಹೆಸರು ಹಿಡಿದು ಹೇಳಲಾಗದ್ದನ್ನು ಎಲ್ಲರ ಮಾತಾಗಿ ಹೇಳಬಹುದು ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ನಿಯಮ ಎನ್ನುವ ಪದವನ್ನು ನಾನು ತರಗತಿಯಲ್ಲಿ ದಿನಾ ಬಳಸುತ್ತೇನೆ. ಅದು ಯಾರದಾದರೂ ಎದೆಯ ಭಾರ ಇಳಿಸಿದ್ದನ್ನು ಅವತ್ತೇ ನೋಡಿದ್ದು.

ಸಮೀನಾ ಹೊರಟಳು. ಚಾವಡಿಯಲ್ಲಿ ಒಮ್ಮೆ "ಬರ್ತೇನೆ ಮೇಡಂ," ಮೆಟ್ಟಿಲಲ್ಲಿ ಒಮ್ಮೆ "ಬರ್ತೇನೆ." ಗೇಟಿನ ಹತ್ತಿರ ನಿಂತಳು. "ಮೇಡಂ, ಅಜ್ಜಿಗೆ ಹೊನ್ನಾವರದವರೆಗೆ ಕಾರಲ್ಲಿ ಕೂತು ಹೋಗೂಕೆ ಆಗ್ತದಾ?" ಅಷ್ಟೇ ಕೇಳಿದಳು. ಉತ್ತರಕ್ಕೂ ಕಾಯದೆ ಬಸ್ಸಿಗೆ ಹೋದಳು.

ಒಳಗೆ ಬಂದರೆ ಆಯಿ ಚಕ್ಕುಲಿ ಒರಳು ಹುಡುಕುತ್ತಿದ್ದಳು. ಚೌತಿ ಇಲ್ಲ, ಬೇಸಿಗೆಯ ನಡುಮಧ್ಯೆ ಯಾರಾದರೂ ಚಕ್ಕುಲಿ ಮಾಡುತ್ತಾರೆಯೇ? ಪೇಟೆಯಿಂದ ಸ್ವೀಟ್ ತರೋಣ ಎಂದೆ. ಆಯಿ ನನ್ನನ್ನು ನೋಡಿದ ರೀತಿಗೆ ಅಕ್ಕಿ ಹುರಿಯಲು ಕೂತೆ. ಸೆಖೆಗೆ ಇಬ್ಬರೂ ಬೆಂದುಹೋದೆವು. ಮೊದಲ ಒಬ್ಬೆ ಒಡೆದು ಚೂರಾಯಿತು, ಅದನ್ನು ನನ್ನ ಗಂಡ ವಿಲೇವಾರಿ ಮಾಡಿದರು. ಸುತ್ತು ಸರಿಯಾಗಿ ಬಂದವನ್ನಷ್ಟೇ ಆರಿಸಿ ಆಯಿ ಬಶಿಯಲ್ಲಿ ಜೋಡಿಸಿದಳು. ಅದರ ಮೇಲೆ ಮಲ್ಲಿಗೆ.

ಕಾರಿನಲ್ಲಿ ಹೊನ್ನಾವರಕ್ಕೆ ಹೊರಟೆವು. ಹೆದ್ದಾರಿ ಅಗಲವಾಗಿ, ಗುರುತಿನ ಮರಗಳೆಲ್ಲ ಹೋಗಿ, ಎಲ್ಲಿ ತಿರುಗಬೇಕೆಂದು ನನಗೇ ಗೊಂದಲ. ಬಶಿಯನ್ನು ತೊಡೆಯ ಮೇಲಿಟ್ಟುಕೊಂಡು, ಅದು ಹೊನ್ನಾವರ ಬಿಟ್ಟ ದಿನ ಬಂದ ಹಾಗೆಯೇ, ಆಯಿ ಕೂತಿದ್ದಳು. "ಇಲ್ದಿದ್ರೆ?" ಎಂದಳು ಕೊನೆಗೊಮ್ಮೆ. ಅದೇ ಭಯ ನನಗೂ ಇತ್ತು.

ಕಾರ್ಮಿನ್ ಬಾಯಿ ಇದ್ದಳು. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ದೇಹ ಅರ್ಧವಾಗಿತ್ತು, ದನಿ ಮಾತ್ರ ಇಡಿಯಾಗಿತ್ತು. "ಯೆ ಗೊ, ಯೆ, ಸಾವಿತ್ರಕ್ಕ!" ಎಂದು ಕೊಂಕಣಿಯಲ್ಲಿ ಬಾ ಬಾ ಎಂದು ಕೂಗಿದ್ದಕ್ಕೆ ಸೊಸೆ ಒಳಗಿನಿಂದ ಓಡಿಬಂದಳು. ಆಯಿ ಬಶಿ ಚಾಚಿದಳು. ಕಾರ್ಮಿನ್ ಬಾಯಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಳ್ಳಿ ಮಾಸಿದ ಕಡೆ ಹೆಬ್ಬೆರಳಾಡಿಸಿ, ಸೊಸೆಯ ಕೈಗೆ ಕೊಟ್ಟಳು.

ಆಮೇಲೆ ಮೊಣಕಾಲು, ಬಿಪಿ ಗುಳಿಗೆ, ಹೆದ್ದಾರಿಯ ಧೂಳು, ಬಂಗಡೆಯ ದರ, ಓಣಿಯಲ್ಲಿ ಯಾರು ಇದ್ದಾರೆ ಯಾರು ಇಲ್ಲ. ಚಹಾ ಆಯಿತು. ಬಶಿಯ ಮಾತಿಲ್ಲ. ಆಯಿಯ ಮುಖ ಸಣ್ಣದಾಗುತ್ತ ಬಂತು. ಅವಳು ಎದ್ದು "ಬತ್ತೆ ಹಂಗಾರೆ" ಎಂದಾಗ ನನಗೆ ಅಳು ಬರುವುದೊಂದು ಬಾಕಿ. ಅಷ್ಟರಲ್ಲಿ ಕಾರ್ಮಿನ್ ಬಾಯಿ ಕೋಲು ಹಿಡಿದು ಎದ್ದಳು. ನಮ್ಮ ಜೊತೆ ಮೆಟ್ಟಿಲು ಇಳಿದಳು. ನಾನು ಬೇಕೆಂದೇ ನಿಧಾನ ನಡೆದೆ. ಗೇಟು ಬಂತು.

ಕಾರ್ಮಿನ್ ಬಾಯಿ ಗೇಟಿನ ಮೇಲೆ ಕೈಯಿಟ್ಟು ನಿಂತಳು. "ಆ ವರ್ಷ ಕುಸ್ವಾರ್ ಮಾಡಿ ನಿಮ್ಮ ಪಾಲು ತೆಗೆದಿಟ್ಟೆ" ಎಂದಳು. "ಬಶಿ ಬರ್ಲಿಲ್ಲ. ಮಾಸ್ತರ್ರು ಹೋದ ಮನೆ, ಬಶಿ ಕೇಳಿದ ಹಾಂಗೆ ಆಗೂದು ಬೇಡ ಅಂತ ಸುಮ್ಮನಾದೆ. ಮತ್ತಿನ ವರ್ಷನೂ ತೆಗೆದಿಟ್ಟೆ. ನಿಂಗೆ ನಮ್ಮನೆದು ಬೇಡಾತು ಅಂದ್ಕಂಡೆ."

"ಬೇಡಾತಾ!" ಆಯಿಯ ದನಿ ಒಡೆಯಿತು. "ಸೂತಕದ ಮನೆಯಿಂದ ಎಂತ ಹಾಕಿ ಕಳಿಸ್ಲೆ? ಮತ್ತೆ, ಗಂಡ ಸತ್ತವ್ಳು ಮಾಡಿದ್ದು ನೀ ಹಬ್ಬಕ್ಕೆ ತಕಂತ್ಯಾ ಅಂತ..."

"ಹುಚ್ಚು ಹಿಡ್ದದೆ ನಿಂಗೆ." ಕಾರ್ಮಿನ್ ಬಾಯಿ ಕೋಲನ್ನು ಗೇಟಿಗೆ ಒರಗಿಸಿ ಆಯಿಯ ಎರಡೂ ಕೈ ಹಿಡಿದುಕೊಂಡಳು. "ಅದೇ ಕೈ ಅಲ್ದಾ ಇದು?"

ಇಬ್ಬರೂ ಅತ್ತರು. ನಾನೂ ಅತ್ತೆ, ಮುಚ್ಚಿಡುವುದೇನಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಗೇಟಿನ ಬಳಿ ಮೂರು ಹೆಂಗಸರು ಅಳುವುದನ್ನು ಓಣಿಯ ನಾಯಿ ಎದ್ದು ಕೂತು ನೋಡಿತು.

ಕಾರಿನ ಬಾಗಿಲು ತೆಗೆಯುವಾಗ ಸೊಸೆ ಓಡಿಬಂದಳು. ಕೈಯಲ್ಲಿ ಅದೇ ಬಶಿ, ತೊಳೆದು ಒರೆಸಿದ್ದು, ಅದರ ತುಂಬ ಈಶಾಡು ಮಾವಿನಹಣ್ಣು. ಆಯಿ ಹಿಂದೆ ಸರಿದಳು. "ಬೇಡ ಬೇಡ, ಮತ್ತೆ ಬಶಿ ಬೇಡ! ಹಣ್ಣು ಚೀಲಕ್ಕೆ ಹಾಕು."

"ಚೀಲಕ್ಕೆ ಹಾಕಿದ್ರೆ" ಎಂದಳು ಕಾರ್ಮಿನ್ ಬಾಯಿ, "ನೀ ಮತ್ತೆ ಎಂತಕ್ಕೆ ಬತ್ತೆ?"

ಅದಾದ ಮೇಲೆ ಆ ಬಶಿ ಎಷ್ಟೋ ಸಲ ಹೊನ್ನಾವರಕ್ಕೆ ಹೋಗಿದೆ, ಬಂದಿದೆ. ಒಮ್ಮೆ ಹೋಳಿಗೆ ಹೊತ್ತು ಹೋಯಿತು, ನೆವ್ರಿ ಹೊತ್ತು ಬಂತು. ನನ್ನ ಪೆಟ್ರೋಲಿನ ಖರ್ಚಿನ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಬಾಗಿಲಿನ ಪ್ರಶ್ನೆಯನ್ನು ನಾನೀಗ ಕೇಳುತ್ತಿಲ್ಲ. ಇತಿಹಾಸದ ಸಹೋದ್ಯೋಗಿಗೆ ಅದರಿಂದ ಬೇಜಾರಾದಂತಿದೆ, ಹುಷಾರಿಲ್ಲವೇ ಎಂದು ವಿಚಾರಿಸಿದರು. ಅವರಿಗೆ ಏನು ಹೇಳಲಿ? ಮನುಷ್ಯರ ನಡುವೆಯೇ ಬದುಕುವ ನಮಗೆ ಮನುಷ್ಯರು ಎಷ್ಟು ಕಡಿಮೆ ಅರ್ಥವಾಗುತ್ತಾರೆ, ಬಿಸಿಲಲ್ಲಿ ಮನೆಯಿಂದ ಮನೆಗೆ ನಡೆದು, ಸಣ್ಣ ಸಣ್ಣ ಪ್ರಶ್ನೆ ಕೇಳಿ, ಹೇಳಿದ್ದನ್ನು ತಾಳ್ಮೆಯಿಂದ ಕೇಳಿಸಿಕೊಳ್ಳುವವರಿಗೆ ನಾವು ಎಷ್ಟು ಋಣಿಗಳು ಎಂದು ಹೇಳಬೇಕಿತ್ತು. ಸಮೀನಾಳಿಗೆ ಮಾತ್ರ ಫೋನಿನಲ್ಲಿ ಹೇಳಿದೆ. ನಾಚಿಕೊಂಡು, "ನೀವೇ ಅಲ್ವಾ ಮೇಡಂ, ಫ್ಯಾನ್ ಬಂದ್ ಮಾಡಿ ನೋಡು ಅಂತ ಕಲಿಸಿದ್ದು" ಎಂದಳು.

ಮೊನ್ನೆ ಅವಳು ಮತ್ತೆ ಫೋನ್ ಮಾಡಿದ್ದಳು. ಮೊದಲು ಹೋದ ಮನೆಗಳಿಗೆಲ್ಲ ಇನ್ನೊಮ್ಮೆ ಅವೇ ಪ್ರಶ್ನೆಗಳನ್ನು ಕೇಳುತ್ತಿದ್ದಾಳಂತೆ. ಸ್ಪೀಕರ್ ಹಾಕಿ ಆಯಿಯ ಮುಂದೆ ಹಿಡಿದೆ.

"ಅಜ್ಜಿ, ಈಗ ನಿಮ್ಮನೆಯಲ್ಲಿ ಬೇರೆಯವರ ಮನೆ ಪಾತ್ರೆ ಎಂತಾದ್ರೂ ಉಂಟಾ?"

ಆಯಿ ಫೋನನ್ನು ನನ್ನ ಕೈಯಿಂದ ಕಸಿದುಕೊಂಡಳು. ಸೆರಗು ಸರಿಮಾಡಿಕೊಂಡು, ಓಣಿಗೆಲ್ಲ ಕೇಳಿಸುವ ಹಾಗೆ ಹೇಳಿದಳು:

"ಉಂಟು! ಬರ್ಕ. ಹೊನ್ನಾವರದ್ದು, ನೀಲಿ ಬಳ್ಳಿದು. ನನ್ನ ಹೆಸ್ರು ಬೇಕಾದ್ರೆ ಬದ್ಲಿ ಮಾಡು ಮಗಾ, ಬಶಿ ಮಾತ್ರ ಇದ್ದ ಹಾಂಗೆ ಬರಿ."